ಬ್ರೇಕಿನ ಮೇಲೆ ಬರೆದ ಹೆಸರು

ನಿನ್ನೆ ಸಂಜೆ ನಾನು ಶೆಡ್ಡಿನ ಬಾಗಿಲು ಹಾಕುವಾಗ ಕಾರಿನ ಬ್ರೇಕ್ ಪೆಡಲು ಕಲ್ಲಿನ ಹಾಗಿತ್ತು. ಬೆಳಿಗ್ಗೆ ಕಾಲಿಟ್ಟರೆ ಹತ್ತಿಮೂಟೆ ತುಳಿದಂತೆ ತಳದವರೆಗೂ ಇಳಿಯಿತು. ಮೈಯೆಲ್ಲ ಉರಿದುಹೋಯಿತು.

"ಯಾರು ಕೈಹಾಕಿದ್ದು ಇದಕ್ಕೆ?"

ಬಾಗಿಲಲ್ಲಿ ಭಾವ ಹಲ್ಲು ಕಿರಿದರು.

ಅಕ್ಕನ ಈ ಎರಡು ಸೀಟಿನ ಹಳೇ ಕಾರು ಓಡೋದಕ್ಕೆ ಕುದುರೆ, ನಿಲ್ಲೋದಕ್ಕೆ ಕೋಣ. ಇವತ್ತು ಅವಳು ಇದರಲ್ಲಿ ಗುಡ್ಡದ ರಸ್ತೆಯ ರೇಸಿಗೆ ಹೊರಟವಳು. ಅದಕ್ಕೇ ಮುಂದಿನ ಚಕ್ರಗಳಿಗೆ ದೊಡ್ಡ ಡಿಸ್ಕು, ಅದನ್ನು ಕಚ್ಚಿ ಹಿಡಿಯುವ ದೊಡ್ಡ ಕ್ಯಾಲಿಪರು ಹಾಕಿದ್ದೆ. ಕ್ಯಾಲಿಪರಿಗೆ ಬಣ್ಣ ಬಳಿದದ್ದು ಭಾವ. ಬಟ್ಟೆ ಒಣಗಿಸುವ ಹಗ್ಗಕ್ಕೆ ತಲೆಕೆಳಗಾಗಿ ನೇತುಹಾಕಿ, ಕೆಂಪು ಬಳಿದು, ಮೇಲೆ ಕಾರಿನ ಮುದ್ದಿನ ಹೆಸರು 'ಮಿಂಚು' ಅಂತ ಬರೆದಿದ್ದರು. ಕೂರಿಸಿದ ಮೇಲೆ ಅಕ್ಷರವೆಲ್ಲ ತಲೆಕೆಳಗು. ನಾನು ನಕ್ಕು ಸುಮ್ಮನಾಗಿದ್ದೆ.

"ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕ್ದೆ ಕಣಯ್ಯ, ಅಷ್ಟೇ. ಈಗ ಹೆಸರು ನೆಟ್ಟಗಿದೆ. ಆಯಿಲ್ ತುಂಬಿ ಗಾಳಿನೂ ತೆಗ್ದಿದೀನಿ."

"ಎಲ್ಲಿಂದ ತೆಗೆದ್ರಿ? ಗಾಳಿ ತೆಗೆಯೋ ತಿರುಪು ಮೇಲಿರಬೇಕು, ಈಗ ಕೆಳಗೆ ಬಂದಿದೆ! ಗಾಳಿ ಮೇಲೆ ಕೂತೇ ಇದೆ, ನೀವು ಕೆಳಗಿಂದ ಬರೀ ಆಯಿಲ್ ಹರಿಸಿದ್ದೀರಿ. ಒಳಗೆ ಗಾಳಿ ಇದ್ರೆ ಬ್ರೇಕ್ ಹಿಡಿಯಲ್ಲ. ಅಕ್ಕನ್ನ ಕೊಲ್ತೀರಾ?"

"ಸ್ವಲ್ಪ ಮೆತ್ತಗಿದೆ. ಓಡಿಸ್ತಾ ಓಡಿಸ್ತಾ ಸರಿಹೋಗುತ್ತೆ. ಮಾತೆತ್ತಿದ್ರೆ ಕೂಗಾಡ್ತೀಯಲ್ಲ ನೀನು."

ಸ್ಪಾನರನ್ನು ಗೋಡೆಗೆ ಎಸೆದೆ.

ಹೆಲ್ಮೆಟ್ಟು ಹಿಡಿದು ಹಿಂದೆ ನಿಂತಿದ್ದ ಅಕ್ಕ ಎಲ್ಲ ಕೇಳಿಸಿಕೊಂಡಿದ್ದಳು. ಕಾರಲ್ಲಿ ಕೂತು ಇಂಜಿನ್ ಶುರುಮಾಡಿದಳು.

"ರೀ, ಗೇಟಿನ ಹತ್ರ ನಿಲ್ಲಿ. ಜೋರಾಗಿ ಬಂದು ನಿಮ್ಮ ಮುಂದೆ ಬ್ರೇಕ್ ಹಾಕ್ತೀನಿ."

ಭಾವ ಕದಲಲಿಲ್ಲ.

"ಯಾಕೆ? ಸ್ವಲ್ಪ ಮೆತ್ತಗಷ್ಟೇ ಅಲ್ವಾ?"

"ಬೇಡ ಕಣೆ..."

"ನಿಮ್ಮ ಕಾಲಿಗೆ ಬೇಡ. ನನ್ನ ಪ್ರಾಣಕ್ಕಾದ್ರೆ ಆಗುತ್ತೆ."

ನಮ್ಮ ಮನೆಯಲ್ಲಿ ಕೂಗುವ ಕೆಲಸ ನನ್ನದು. ಅಕ್ಕ ಕೂಗಲಿಲ್ಲ. ನಾನು ಎಸೆದ ಸ್ಪಾನರನ್ನು ಹೆಕ್ಕಿಕೊಂಡೆ.

ಎರಡೂ ಕ್ಯಾಲಿಪರು ಬಿಚ್ಚಿ ಅದಲುಬದಲು ಮಾಡಿದೆ. ಪೆಡಲು ತುಳಿಯಲು ಭಾವನನ್ನೇ ಕೂರಿಸಿದೆ.

"ತುಳೀರಿ. ಹಿಡ್ಕೊಳ್ಳಿ. ಬಿಡಬೇಡಿ ಅಂದೆ!"

ತಿರುಪಿನಿಂದ ಬರುವ ಆಯಿಲಿನಲ್ಲಿ ಗಾಳಿಗುಳ್ಳೆ ನಿಂತು ಪೆಡಲು ಗಟ್ಟಿಯಾಗುವ ಹೊತ್ತಿಗೆ ರೇಸಿಗೆ ಸೇರುವ ಸಮಯ ಮೀರಿತ್ತು. ಅಕ್ಕ ಅದಕ್ಕೆ ಒಂದು ವರ್ಷದಿಂದ ಕಾದಿದ್ದಳು. ಭಾವ ಏನೋ ಹೇಳಲು ಬಾಯಿ ತೆರೆದರು. "ಸಾಕು," ಎಂದಳು.

ಅಕ್ಕ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದಳು. ಜೋರಾಗಿಯೇ ಬಂದು, ನೆಟ್ಟ ಗೂಟದ ಹಾಗೆ ಗೇಟಿನಲ್ಲಿ ನಿಲ್ಲಿಸಿದಳು. ಇಳಿದು ಮುಂದಿನ ಚಕ್ರ ತೋರಿಸಿದಳು.

"ಓದಿ."

ಭಾವ ಮೊಣಕಾಲೂರಿ, ಕತ್ತು ತಿರುಚಿ, ತಲೆಕೆಳಗಾದ ಹೆಸರನ್ನು ಗಟ್ಟಿಯಾಗಿ ಓದಿದರು.