ರೊಡ್ಡ ವೈಸ್

ನಾನು ಒಂದು ವೈಸ್. ಮೇಜಿನ ಅಂಚಿಗೆ ಬೋಲ್ಟು ಹಾಕಿ ಕೂರಿಸುವ, ಎರಡು ದವಡೆಗಳ ನಡುವೆ ಕಬ್ಬಿಣವನ್ನು ಕಚ್ಚಿ ಹಿಡಿಯುವ ಸಾಮಾನು. ಇಷ್ಟು ದೊಡ್ಡ ಬಾಯಿದ್ದೂ ಜೀವಮಾನದಲ್ಲಿ ಒಂದು ತುತ್ತು ನುಂಗಿದವನಲ್ಲ.

ಹುಟ್ಟಿದ್ದು ಬೆಳಗಾವಿಯ ಒಂದು ಫೌಂಡ್ರಿಯಲ್ಲಿ. ಮರಳಿನ ಅಚ್ಚಿಗೆ ಸುರಿದ, ಕಾದು ಕೆಂಪಾದ ಬೀಡುಕಬ್ಬಿಣ ಆರಿ ಗಟ್ಟಿಯಾದಾಗ ನಾನಾದೆ. ಅಚ್ಚು ಒಡೆದವನು ನನ್ನ ಮೈಮೇಲಿನ ಮರಳು ಕೊಡವಿ, "ಮಾರಿ ಸ್ವಲ್ಪ ಸೊಟ್ಟ ಬಂದೈತಿ. ಇರಲಿ, ಇದನ್ನೇನು ಮದಿವಿ ಮಾಡಿ ಕೊಡಬೇಕಾಗೈತಿ" ಅಂದ. ಲೋಕದಲ್ಲಿ ನಾನು ಕೇಳಿದ ಮೊದಲ ಮಾತು ಅದು.

ಮೊದಲು ಹೋಗಿ ಸೇರಿದ್ದು ಪಂಪು ರಿಪೇರಿಯ ಒಂದು ಅಂಗಡಿಗೆ. ಹಿಡಿದುಕೊಳ್ಳಲೆಂದು ತಂದ ನನ್ನ ಮೇಲೆ ಅಲ್ಲಿನವರು ಬಡಿಯುವುದನ್ನೂ ಮಾಡಿದರು, ಕೂತು ಚಹಾ ಕುಡಿಯುವುದನ್ನೂ ಮಾಡಿದರು. ದವಡೆಗಳನ್ನು ಕೂಡಿಸುವ ಉದ್ದ ತಿರುಪಿನ ಮೇಲೆ ಸುರುಳಿ ಗೆರೆಗಳಿರುತ್ತವಲ್ಲ, ಅವಕ್ಕೆ ನಮ್ಮ ಕಡೆ ಆಟೆ ಅನ್ನುತ್ತಾರೆ. ನನ್ನ ಆಟೆಗಳು ಸವೆದು ನುಣ್ಣಗಾದವು. ಬಾಯಿ ಮುಚ್ಚಲಾರದವನಾದೆ. ಅಂಥವರನ್ನು ಯಾರೂ ಬಹಳ ದಿನ ಇಟ್ಟುಕೊಳ್ಳುವುದಿಲ್ಲ, ಗುಜರಿಗೆ ಹೋದೆ.

ಗುಜರಿಯ ರಾಶಿಯಿಂದ ನನ್ನನ್ನು ಎತ್ತಿದ ಕೈಗಳು ಬಲು ಮೆತ್ತಗಿದ್ದವು. ಅವು ಪಾಯಪ್ಪ ಹಂಪಣ್ಣವರ ಎಂಬಾತನವು. ಆತ ವಾರವೆಲ್ಲ ಸೀರೆ ಅಂಗಡಿಯಲ್ಲಿ ಹೆಂಗಸರ ಮುಂದೆ ಸೀರೆ ಬಿಡಿಸಿ, ಅವರು ಬೇಡವೆಂದ ಮೇಲೆ ಮತ್ತೆ ಮಡಚುವವನು. ರಜೆಯ ದಿನ ಮಾತ್ರ ಮನೆಯ ಹಿಂದಿನ ಪತ್ರಾಸಿನ ತಗಡು ಹೊದಿಸಿದ ಶೆಡ್ಡಿನಲ್ಲಿ ಕಬ್ಬಿಣದ ಸಂಗಡ ಇರುತ್ತಿದ್ದ. ಕಬ್ಬಿಣ ಬೇರೆ ಬಣ್ಣ ತೋರಿಸು ಅನ್ನುವುದಿಲ್ಲ. ಅಲ್ಲೊಂದು ಕಬ್ಬಿಣವನ್ನು ತಿರುಗಿಸಿ ಕಡೆಯುವ ಹಳೆಯ ಲೇತ್, ಉಜ್ಜುವ ಅರಗಳು, ಕೊರೆಯುವ ಮಷೀನು. ಓಣಿಯವರ ಸ್ಟೋ, ಕತ್ತರಿ, ಮಿಕ್ಸರ್ ಎಲ್ಲ ಆಸ್ಪತ್ರೆಯ ಪಾಳಿಯಂತೆ ಗೋಡೆಗುಂಟ ಕೂತಿರುತ್ತಿದ್ದವು.

ನನಗೆ ಹೊಸ ತಿರುಪು ಮಾಡಲು ಆತ ಒಳ್ಳೆಯ ಉಕ್ಕಿನ ಸರಳನ್ನೇ ತೆಗೆದ. ಲೇತಿಗೆ ಹಾಕಿ, ಹಾಡೊಂದನ್ನು ಮೂಗಿನಲ್ಲೇ ಗುನುಗುತ್ತ ಆಟೆ ಕೊರೆದ. ಕೊರೆದು ಮುಗಿದ ಮೇಲೆ ಹಾಡು ನಿಂತಿತು. ಆಟೆಗಳೆಲ್ಲ ತಿರುಗಾಮುರುಗಾ ಬಿದ್ದಿದ್ದವು.

"ಚಂಪಾ! ಇಲ್ಲೊಂದು ಸಣ್ಣ ಹಲ್ಲಿನ ಗಾಲಿ ಇತ್ತಲ್ಲ, ಎಲ್ಲಿ ಹೋತು?"

"ಮಾಳಿಗಿ ಮ್ಯಾಲೆ ಐತಿ ನೋಡ್ರಿ," ಎಂದಳು ಅವನ ಹೆಂಡತಿ ಚಂಪಾ, ಅಡುಗೆ ಮನೆಯಿಂದಲೇ. "ಹಪ್ಪಳದ ಅರಿವಿ ಹಾರತಿತ್ತು, ಅದರ ಮ್ಯಾಲೆ ಭಾರಕ್ಕಂತ ಇಟ್ಟೀನಿ."

"ಯವ್ವಾ, ಅದು ಲೇತಿನ ನಡುವಿನ ಗಾಲಿ! ಅದಿಲ್ಲದ್ದಕ್ಕ ಆಟೆ ಉಲ್ಟಾ ಬಂದಾವು."

"ಗಾಲಿ ಐತೋ ಇಲ್ಲೋ ನೋಡದ ಸುರು ಮಾಡಿದವರು ನೀವು. ಹಪ್ಪಳದ ಮ್ಯಾಲ್ಯಾಕ ಬರ್ತೀರಿ?"

ಸರಳನ್ನು ಎಸೆಯಲು ಅವನಿಗೆ ಮನಸ್ಸು ಬರಲಿಲ್ಲ. ಒಳಗಿನ ನಟ್ಟನ್ನೂ ಉಲ್ಟಾ ಆಟೆಯದೇ ಮಾಡಿ ಕೂರಿಸಿದ. ಹೀಗಾಗಿ ಲೋಕದ ನಲ್ಲಿ, ಬಾಟಲಿ, ಬೋಲ್ಟುಗಳೆಲ್ಲ ಎಡಕ್ಕೆ ತಿರುವಿದರೆ ಬಿಚ್ಚಿಕೊಂಡರೆ, ನಾನೊಬ್ಬನು ಎಡಕ್ಕೆ ತಿರುವಿದರೆ ಬಿಗಿಯುತ್ತೇನೆ. ಎಡಗೈಯವರಿಗೆ ನಮ್ಮ ಕಡೆ ರೊಡ್ಡ ಅನ್ನುವುದುಂಟು, ಚಂಪಾ ರೊಡ್ಡಗೈಯವಳು.

"ಮನಿಯಾಗ ಒಂದು ರೊಡ್ಡ ಇತ್ತು, ಈಗ ಎರಡಾದುವು," ಎಂದ ಪಾಯಪ್ಪ.

"ಮತ್ತ ಬಲಗೈಯವರು ಮಾಡಿದ ಕೆಲಸ ಇದಽ ಏನ್ರಿ?" ಎಂದಳು ಅವಳು.

ಅಂದಿನಿಂದ ನಾನು ರೊಡ್ಡ ವೈಸ್. ಅವನ ಎರಡೂ ಕೈ ಸಾಮಾನಿನ ಮೇಲಿದ್ದಾಗ "ಚಂಪಾ, ಒಂಚೂರು ಬಿಗಿ" ಅನ್ನುತ್ತಿದ್ದ. ಅವಳು ಬಂದು ಎಡಗೈಯಿಂದ ನನ್ನ ಹಿಡಿಕೆಯನ್ನು ಎಡಕ್ಕೆ ತಿರುವಿ ಹೋಗುತ್ತಿದ್ದಳು. ನನ್ನ ಎತ್ತರಕ್ಕೆ ಮನುಷ್ಯರ ಮುಖ ಸರಿಯಾಗಿ ಕಾಣುವುದಿಲ್ಲ; ಅಂಗಿಯ ಗುಂಡಿ, ಸೆರಗು, ಕೈಗಳು ಕಾಣುತ್ತವೆ. ಆ ಎರಡು ಜೊತೆ ಕೈಗಳಲ್ಲಿ ನನಗೆ ಒಂದು ಸಂಸಾರವೇ ಸಿಕ್ಕಿತ್ತು.

ಒಮ್ಮೆ ಪಕ್ಕದ ಮನೆಯ ನೀಲವ್ವ ತನ್ನ ಶ್ಯಾವಿಗೆ ಮಷೀನು ತಂದಿಟ್ಟಳು. ಓಣಿಗೆಲ್ಲ ಅದೊಂದೇ. ಅದರ ತಿರುಗುವ ಸರಳು ಮುರಿದಿತ್ತು. ಪಾಯಪ್ಪ ಹೊಸ ಸರಳು ಮಾಡಿ, ಹಿಡಿಕೆ ಕೂರುವ ತುದಿಯನ್ನು ಚೌಕ ಮಾಡಲು ನನ್ನ ಬಾಯಿಗೆ ಕೊಟ್ಟ. ಒಂದು ಮಗ್ಗಲು ಅರ ಹಾಕುವುದು, ನನ್ನನ್ನು ಸಡಿಲಿಸಿ ಸರಳು ಹೊರಳಿಸುವುದು, ಮತ್ತೆ ಬಿಗಿಯುವುದು. ಮೂರು ಮಗ್ಗಲಾದವು. "ಊಟಾ ಮಾಡಿ ಬರ್ತೀನಿ," ಎಂದು ಅರವನ್ನು ನನ್ನ ಪಕ್ಕದಲ್ಲಿಟ್ಟು ಹೋದ. ಯಾರಿಗೆ ಹೇಳಿದನೋ, ಶೆಡ್ಡಿನಲ್ಲಿ ನಾನೊಬ್ಬನೇ ಇದ್ದೆ; ಅಡುಗೆ ಮನೆಗೂ ಕೇಳಿಸಿರಬೇಕು. ಸ್ವಲ್ಪ ಹೊತ್ತಿಗೆ ಒಳಗೆ ಊಟದ ತಾಟು ಬಿದ್ದ ಸದ್ದು, ಚಂಪಾಳ ಕೂಗು, ಜನರ ಓಡಾಟ. ಆಮೇಲೆ ಒಂದು ಗಾಡಿ ಬಂದು ಹೋಯಿತು. ಅವನು ತಿರುಗಿ ಶೆಡ್ಡಿಗೆ ಬರಲಿಲ್ಲ.

ನಾನು ಕಚ್ಚಿದ್ದನ್ನು ಕಚ್ಚಿಕೊಂಡೇ ಇದ್ದೆ.

ಚಂಪಾ ಆಗಾಗ ಬರುತ್ತಿದ್ದಳು. ಸೆರಗಿನಿಂದ ಮೇಜು ಒರೆಸುತ್ತಿದ್ದಳು. ನನ್ನ ಸುತ್ತ ಒರೆಸಿದರೂ ಹಿಡಿಕೆ ಮುಟ್ಟುತ್ತಿರಲಿಲ್ಲ. ಸರಳಿನ ತುದಿಯ ಮೇಲೆ ಬೆರಳಾಡಿಸುವಳು. ಚಪ್ಪಟೆ, ಚಪ್ಪಟೆ, ಚಪ್ಪಟೆ, ಆಮೇಲೆ ದುಂಡಗೆ. ದುಂಡಗಿರುವಲ್ಲಿ ಬೆರಳು ನಿಲ್ಲುತ್ತಿತ್ತು.

ಬಿಸಿಲು ಏರಿತು. ಶ್ಯಾವಿಗೆಯ ಹಂಗಾಮು ಬಂತು. ನೀಲವ್ವ ಬಾಗಿಲಲ್ಲಿ ನಿಂತು, ಸೆರಗು ಸರಿಮಾಡಿಕೊಂಡು ಹೇಳಿದಳು: "ಅವಸರೇನಿಲ್ಲ ಚಂಪಕ್ಕಾ. ಎಲ್ಲಾರೂ ರವಾ ತಂದಿಟ್ಟಾರ, ಅಷ್ಟಽ."

"ವೈಸಿನ್ಯಾಗ ಐತಿ. ಬಿಚ್ಚಿ ಬಂದ್ರ ತಗೊಂಡು ಹೋಗು."

ನೀಲವ್ವ ಹಿಡಿಕೆಯನ್ನು ಎಡಕ್ಕೆ ತಿರುವಿದಳು. ನಾನು ಇನ್ನಷ್ಟು ಕಚ್ಚಿದೆ. ಮರುದಿನ ಅವಳ ಗಂಡ ಬಂದು ಎಡಕ್ಕೆ ತಿರುವಿದ. ಚಂಪಾ ಪ್ರತಿ ಸಲವೂ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಬಲಕ್ಕೆ ತಿರುವು ಅನ್ನಲಿಲ್ಲ. ಎಲ್ಲ ಗೊತ್ತಿದ್ದೂ ಸುಮ್ಮನಿದ್ದಾಳಲ್ಲ ಎಂದು ನನಗೆ ಸೋಜಿಗವೇನೂ ಆಗಲಿಲ್ಲ. ನಾಲ್ಕನೆಯ ಮಗ್ಗಲು ಬಾಕಿ ಇರುವ ತನಕ ಅವಳ ಪಾಲಿಗೆ ಪಾಯಪ್ಪ ಇನ್ನೂ ಊಟಕ್ಕೆ ಹೋದವನೇ.

ಕೊನೆಗೆ ಚಂಪಾಳ ಮೈದುನ, ಪಾಯಪ್ಪನ ತಮ್ಮ ಭುಜಬಲಿ ಬಂದ. ಹೆಸರಿಗೆ ತಕ್ಕ ಭುಜ. ನನ್ನ ಹಿಡಿಕೆಗೆ ಉದ್ದನೆಯ ಪೈಪು ಸಿಗಿಸಿ ಎಡಕ್ಕೆ ಜಗ್ಗಿದ. ನನ್ನ ಬೆನ್ನು ಕಿರ್ ಅಂದಿತು.

"ವೈನಿ, ಜಂಗ್ ತಿಂದು ಕೂತೈತಿ ಇದು. ಗ್ಯಾರೇಜಿನಿಂದ ಗ್ರೈಂಡರ್ ತಂದು ಸ್ಕ್ರೂ ಕತ್ತರಿಸಿ ಒಗೀತೀನಿ. ಹೊಸಾದು ಹಾಕಿಸಿದ್ರಾತು."

"ಹೊಸಾದು ಬ್ಯಾಡ," ಎಂದಳು ಚಂಪಾ.

"ಬ್ಯಾಡಂದ್ರ ಹೆಂಗ? ಓಣಿ ಮಂದಿ ಶ್ಯಾವಿಗಿ ಬದಲಿ ರವಾ ಮುಕ್ಕಬೇಕೇನು?" ಎನ್ನುತ್ತ ಗಾಡಿ ಏರಿ ಹೋಗಿಯೇ ಬಿಟ್ಟ.

ಅವನ ಗಾಡಿಯ ಸದ್ದು ಓಣಿ ದಾಟುವ ತನಕ ಚಂಪಾ ನಿಂತಿದ್ದಳು. ಆಮೇಲೆ ಬಂದು ಎಡಗೈಯಿಂದ ಪೈಪು ಹಿಡಿದು ಬಲಕ್ಕೆ ಒತ್ತಿದಳು.

"ಅಯ್ಯ, ಬಿಗಿ ಮಾಡಾಕತ್ತೀಯಲ್ಲ!" ಎಂದಳು ಬಾಗಿಲಲ್ಲಿ ನಿಂತು ನೋಡುತ್ತಿದ್ದ ನೀಲವ್ವ.

"ಬಿಚ್ಚಾಕತ್ತೀನಿ."

ಭುಜಬಲಿಯ ಬಿಗಿ ಸುಲಭಕ್ಕೆ ಬಿಡಲಿಲ್ಲ. ನಾನೂ ಬಿಡುವ ಮನಸ್ಸಿನಲ್ಲಿರಲಿಲ್ಲ. ಅವಳು ಮೈಭಾರವೆಲ್ಲ ಹಾಕಿ ಒತ್ತಿದಳು. ಟಣ್ ಎಂದು ನಾನು ಸಡಿಲಾದೆ. ದವಡೆಯ ಸಂದಿಯಿಂದ, ಪಾಯಪ್ಪ ಅರ ಹಾಕಿದಾಗ ಬಿದ್ದ ಕಬ್ಬಿಣದ ಪುಡಿ ಅವಳ ಅಂಗೈಗೆ ಉದುರಿತು.

"ನಿನಗ ಗೊತ್ತಿತ್ತೇನಽ ಎವ್ವಾ? ಮತ್ತ ಇಷ್ಟು ದಿನಾ ಯಾಕ ಹೇಳಲಿಲ್ಲ?"

ಚಂಪಾ ಪುಡಿಯನ್ನು ನೋಡುತ್ತಿದ್ದಳು. "ಬರ್ತೀನಿ ಅಂದಿದ್ರಲ್ಲ, ನೀಲವ್ವ," ಎಂದಳು.

ನೀಲವ್ವ ಪೈಪನ್ನು ಹಿಡಿಕೆಯಿಂದ ತೆಗೆದು ಕೆಳಗಿಟ್ಟಳು. "ಉಳಿದದ್ದು ಪ್ಯಾಟ್ಯಾಗ ಮಾಡಿಸೂಣೇನು?" ಎಂದು ಮೆಲ್ಲಗೆ ಕೇಳಿದಳು.

"ಬ್ಯಾಡ. ಇಲ್ಲೇ ಆಗಲಿ."

ಸರಳನ್ನು ಹೊರಳಿಸಿದಳು, ನನ್ನನ್ನು ಬಿಗಿದಳು, ಅರ ಎತ್ತಿಕೊಂಡಳು. ಪಾಯಪ್ಪನ ಅರ ಉಸಿರಾಡಿದಂತೆ ಹೋಗಿ ಬರುತ್ತಿತ್ತು, ಅವಳದು ಜಗಳಾಡಿತು. ನಡುನಡುವೆ ಕಣ್ಣೊರೆಸಿಕೊಂಡು ಮತ್ತೆ ಹಿಡಿದಳು. ಭುಜಬಲಿ ಗ್ರೈಂಡರ್ ಹೊತ್ತು ಬರುವಷ್ಟರಲ್ಲಿ ನಾಲ್ಕನೆಯ ಮಗ್ಗಲು ಆಗಿತ್ತು.

"ಇದ್ಹೆಂಗ ಬಿಚ್ಚಿತು?"

"ನಿಮ್ಮ ಗ್ರೈಂಡರಿಗೆ ಅಂಜಿತು," ಎಂದಳು ನೀಲವ್ವ.

ಈಗ ನನಗೆ ವಯಸ್ಸಾಗಿದೆ. ಚಂಪಾ ಒಮ್ಮೊಮ್ಮೆ ತೆಂಗಿನಕಾಯಿ ಸುಲಿಯಲು, ಮುರಿದ ಸೌಟಿನ ಹಿಡಿ ಕೂರಿಸಲು ಬರುತ್ತಾಳೆ. ಉಳಿದ ದಿನ ಧೂಳು. ಬೇಸಿಗೆ ಬಂತೆಂದರೆ ಗೋಡೆಯಾಚೆ ನೀಲವ್ವನ ಅಂಗಳದಲ್ಲಿ ಹೆಂಗಸರು ಸೇರುತ್ತಾರೆ, ಶ್ಯಾವಿಗೆ ಮಷೀನು ತಿರುಗತೊಡಗುತ್ತದೆ. ಚಂಪಾ ಅರ ಹಾಕಿದ ಮಗ್ಗಲು ಕೊಂಚ ಓರೆ. ಹಿಡಿಕೆ ಒಂದು ಸುತ್ತು ಬಂದಾಗಲೆಲ್ಲ ಟಕ್ ಅನ್ನುತ್ತದೆ. ಪಾಯಪ್ಪ ಇದ್ದಿದ್ದರೆ ಆ ಸದ್ದು ಇರುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಹೆಂಗಸರ ಮಾತೆಲ್ಲ ನಿಂತು, ಬರೀ ಅದೊಂದೇ ಕೇಳಿಸುವ ಗಳಿಗೆಯೂ ಇರುತ್ತದೆ. ಆಗ ಚಂಪಾ ಶೆಡ್ಡಿನ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಟಕ್. ಸ್ವಲ್ಪ ತಡೆದು, ಮತ್ತೆ ಟಕ್.