ಹದಿನಾಲ್ಕನೇ ತಾರೀಕಿನ ಸಭೆ

ಅಂಗನವಾಡಿ ಬಾಗಿಲಿಗೆ ಅಂಟಿಸಿದ್ದ ನೋಟಿಸಿನ ಫೋಟೋವನ್ನು ಮಗಳು ನಜ್ಲಾ ಫೋನಿನಲ್ಲಿ ತೆಗೆದುಕೊಂಡು ಬಂದಳು. ಕಟ್ಟಡ ಹಳತಾಗಿದೆಯಂತೆ. ಅದನ್ನು ಕೆಡವಿ ಪಾರ್ಕಿಂಗ್ ಮಾಡುವುದಂತೆ, ಮಕ್ಕಳನ್ನು ಮುಖ್ಯರಸ್ತೆಯ ಆಚೆಯ ಶಾಲೆಗೆ ಕಳಿಸುವುದಂತೆ. ಹದಿನಾಲ್ಕನೇ ತಾರೀಕಿನ ವಾರ್ಡ್ ಸಮಿತಿ ಸಭೆಯಲ್ಲಿ ಎಲ್ಲ ಹತ್ತು ಸದಸ್ಯರು ಒಪ್ಪಿದ್ದಾರಂತೆ.

"ಉಮ್ಮ, ನಾಲ್ಕನೇ ಸೈನ್ ನಿಮ್ಮದಲ್ವಾ?" ಎಂದಳು.

ನನ್ನದೇ, ನಾನೂ ಆ ಸಮಿತಿಯವಳು. ಝುಬೈದಾ ಎಂದು ದುಂಡಗೆ ಬರೆದಿದ್ದೇನೆ, ದೊಡ್ಡ ಕೆಲಸ ಮಾಡಿದವಳ ಹಾಗೆ. ನಜ್ಲಾ ಹಂಪನಕಟ್ಟೆಯ ಬಟ್ಟೆ ಅಂಗಡಿಗೆ ಹೋಗುತ್ತಾಳೆ, ಅವಳ ಮಗು ಝಹ್ರಾಳನ್ನು ಅಂಗನವಾಡಿಗೆ ಬಿಡುವವಳು ನಾನು. ನನ್ನ ಮೊಣಕಾಲು ಓಣಿಯ ತುದಿಯವರೆಗೆ ಕೆಲಸ ಮಾಡುತ್ತದೆ. ಬಸ್ಸುಗಳು ನುಗ್ಗುವ ಆ ರಸ್ತೆಯನ್ನು ಮೂರು ವರ್ಷದ ಮಗುವಿನೊಂದಿಗೆ ದಾಟಲಾರೆ. ನಜ್ಲಾ ಕೆಲಸ ಬಿಡಬೇಕು, ಬೇರೆ ದಾರಿಯಿಲ್ಲ.

ಬೋಳಾರದ ಪಕ್ಕದ ನಮ್ಮ ವಾರ್ಡಿನಲ್ಲಿ ಹಿಂದೆ ಯೂಸ್ಟೇಸ್ ಎನ್ನುವವರು ಕಾರ್ಪೊರೇಟರ್ ಆಗಿದ್ದರು. ಬಾಯಿ ತೆರೆದರೆ ಬೈಗುಳ. ತಿರುಗಿ ಬೈಯಲೆಂದೇ ನಾವು ನಲವತ್ತು ಜನ ಸಭೆಗೆ ಹೋಗುತ್ತಿದ್ದೆವು, ಕೂರಲು ಕುರ್ಚಿ ಸಾಲುತ್ತಿರಲಿಲ್ಲ. ಈಗಿನ ಕಾರ್ಪೊರೇಟರ್ ಮುಖೇಶ್ ಬಂಗಾರದಂಥ ಹುಡುಗ. ಬೀದಿದೀಪ ಹೋದರೆ ಒಂದು ಫೋನ್, ಸಂಜೆಗೆ ಬೆಳಕು. ನನ್ನ ಗಂಡ ರವೂಫ್‌ಗೆ ಆಸ್ಪತ್ರೆಯಲ್ಲಿ ಬೆಡ್ ಸಿಕ್ಕಿದ್ದೂ ಅವನಿಂದಲೇ. "ನೀವೆಂತಕ್ಕೆ ಬಿಸಿಲಲ್ಲಿ ಬರುವುದು ಝುಬೈದಕ್ಕ, ಸಭೆಯ ಬುಕ್ಕು ನಾನೇ ತರ್ತೇನೆ" ಎಂದು ತಿಂಗಳಿಗೊಮ್ಮೆ ಸ್ಕೂಟರಿನಲ್ಲಿ ಬಂದು, ಚಹಾ ಕುಡಿದು, ಸಹಿ ಹಾಕಿಸಿಕೊಂಡು ಹೋಗುತ್ತಿದ್ದ. ಹತ್ತು ಮನೆಯಲ್ಲೂ ಹೀಗೇ. ಮೂರು ವರ್ಷ ನಾನು ಒಂದು ಸಾಲು ಓದಿದ್ದರೆ ಕೇಳಿ.

ಕ್ಯಾಲೆಂಡರ್ ತೆಗೆದು ನೋಡಿದೆ. ಹದಿನಾಲ್ಕಕ್ಕೆ ನಾವು ಯಾವ ಸಭೆಯಲ್ಲೂ ಇರಲಿಲ್ಲ. ಸಮಿತಿಯವನೇ ಆದ ನೋಣಯ್ಯಣ್ಣನ ಮನೆಯಲ್ಲಿದ್ದೆವು. ಅವನ ಹೆಂಡತಿ ದೇಯಿ ತೀರಿಕೊಂಡು ಹದಿಮೂರನೇ ದಿನದ ಬೊಜ್ಜದ ಊಟ ಅಂದು. ಬರೆದವರು ತಾರೀಕು ನೋಡಲಿಲ್ಲ, ಸಹಿ ಹಾಕಿದ ನಾವೂ ನೋಡಲಿಲ್ಲ.

ಶನಿವಾರ ಪಾಲಿಕೆಯ ಇಂಜಿನಿಯರ್ ಜಾಗ ನೋಡಲು ಬರುವವರಿದ್ದರು. ನಡುವೆ ನಾಲ್ಕೇ ದಿನ ಇತ್ತು. ಬಾಯಿ ಬಿಟ್ಟರೆ ಸುಳ್ಳು ಸಹಿಯವಳು ಎಂದಾಗುತ್ತೇನೆ. ಉಪಕಾರ ಮಾಡಿದವನ ಮರ್ಯಾದೆ ತೆಗೆದಂತೆ ಆಗುತ್ತದೆ. ಹೆಂಡತಿಯನ್ನು ಕಳೆದುಕೊಂಡವನ ಎದುರು ಆ ಊಟದ ಮಾತು ಬೇರೆ ಎತ್ತಬೇಕು. ಸುಮ್ಮನಿದ್ದರೆ ಝಹ್ರಾಳ ಅಂಗನವಾಡಿ ಹೋಗುತ್ತದೆ.

ಶನಿವಾರ ಅಂಗನವಾಡಿಯಲ್ಲಿ ಸಮಿತಿಯ ಐದೇ ಜನ ಕೂತಿದ್ದೆವು. ಇಂಜಿನಿಯರ್ ಆಶಾಲತಾ ಮೇಡಂ ಕಾಗದ ಬಿಡಿಸಿ, "ಯಾರದ್ದಾದರೂ ಆಕ್ಷೇಪ ಉಂಟಾ?" ಎಂದರು.

ನಾನು ಎದ್ದೆ. "ಮೇಡಂ, ಆ ಸಭೆ ಆಗಲೇ ಇಲ್ಲ."

"ಝುಬೈದಕ್ಕ, ಸೈನ್ ನಿಮ್ಮದೇ ಉಂಟಲ್ಲ" ಎಂದ ಮೇಡಂ ಪಕ್ಕದಲ್ಲಿ ನಿಂತಿದ್ದ ಮುಖೇಶ್, ಮೆತ್ತಗೆ.

"ಉಂಟು. ಓದದೆ ಹಾಕಿದ್ದು. ತಪ್ಪು ನನ್ನದು."

"ಸಭೆ ಆಗಲಿಲ್ಲ ಅಂತ ಹೇಗೆ ಹೇಳ್ತೀರಿ?" ಎಂದು ಮೇಡಂ ಕೇಳಿದರು.

ನೋಣಯ್ಯಣ್ಣನ ಕಡೆ ನೋಡಿದೆ. ನೆಲ ನೋಡುತ್ತ ಕೂತಿದ್ದ. ದೇಯಿಯ ಬೊಜ್ಜದ ಮಾತನ್ನು ಅವನ ಎದುರು ಎತ್ತಲಾರದೆ ಹೋದೆ. ಮೇಡಂ ಕಾಗದಕ್ಕೆ ಸಹಿ ಹಾಕಲು ಪೆನ್ನು ತೆಗೆದರು. ಆಯಿತು, ಮುಗಿಯಿತು ಎಂದುಕೊಂಡೆ.

ಆಗ ನೋಣಯ್ಯಣ್ಣ ಎದ್ದ. "ಹದಿನಾಲ್ಕಕ್ಕೆ ನನ್ನ ಹೆಂಡತಿಯ ಬೊಜ್ಜ ಮೇಡಂ. ಇವರೆಲ್ಲ ನಮ್ಮ ಅಂಗಳದಲ್ಲಿ ಊಟಕ್ಕೆ ಕೂತಿದ್ದರು. ಬಡಿಸಿದ್ದು ಮುಖೇಶಣ್ಣನೇ."

ಮೇಡಂ ಪೆನ್ನು ಮುಚ್ಚಿ, ಬರುವ ಶನಿವಾರ ನಾಲ್ಕು ಗಂಟೆಗೆ ಇಲ್ಲೇ ಸಭೆ ಎಂದರು. ಕನಿಷ್ಠ ಆರು ಸದಸ್ಯರು ಎದುರಲ್ಲಿ ಕೂತು ಬೇಡ ಎನ್ನಬೇಕು. ಇಲ್ಲದಿದ್ದರೆ ಇದೇ ಕಾಗದ ಮುಂದೆ ಹೋಗುತ್ತದೆ.

ಹೊರಗೆ ಮುಖೇಶ್ ಸ್ಕೂಟರಿನ ಹತ್ತಿರ ನಿಂತಿದ್ದ. ಸಿಟ್ಟು ಮಾಡಿದ್ದರೆ ನನಗೆ ಸುಲಭವಿತ್ತು. ಅವನ ಕಣ್ಣು ಒದ್ದೆಯಾಗಿತ್ತು. "ಒಂದು ಫೋನ್ ಮಾಡಿದ್ರೆ ಸಾಕಿತ್ತಲ್ಲ ಅಕ್ಕ. ನಾನೇ ನಿಲ್ಲಿಸ್ತಿದ್ದೆ."

ಅದು ನಿಜ. ಖಂಡಿತ ನಿಲ್ಲಿಸುತ್ತಿದ್ದ. ಆ ನಾಲ್ಕು ದಿನದಲ್ಲಿ ನಾನೂ ಮೂರು ಸಲ ಫೋನ್ ಕೈಗೆ ತೆಗೆದುಕೊಂಡಿದ್ದೆ. ನನಗೆ ನಾಚಿಕೆಯಾಯಿತು, ಒಂದು ಫೋನಿನಲ್ಲಿ ನಿಲ್ಲುವುದು ಒಂದು ಫೋನಿನಲ್ಲಿ ಶುರುವೂ ಆಗಬಹುದಲ್ಲ ಎಂದು ಭಯವೂ ಆಯಿತು.

ವಾರವಿಡೀ ಮನೆ ಮನೆ ತಿರುಗಿದೆ. ಎಲ್ಲರೂ ಬರ್ತೇವೆ ಎಂದರು. ಶನಿವಾರ ನಾಲ್ಕಕ್ಕೆ ಕಾಲು ಗಂಟೆ ಇರುವಾಗ ನೋಡಿದರೆ ಮತ್ತೆ ಅದೇ ಐದು ಜನ. ಕುಂಟುತ್ತಲೇ ಟೈಲರ್ ನಳಿನಾಕ್ಷಿಯ ಅಂಗಡಿಗೆ ಓಡಿದೆ. ಅವಳು ಸಮಿತಿಯ ಏಳನೇ ಸಹಿ. ಮೆಷಿನ್ ತುಳಿಯುತ್ತಿದ್ದಳು, ಕಾಲು ನಿಲ್ಲಿಸಲಿಲ್ಲ.

"ಬುಕ್ಕು ಇಲ್ಲಿಗೇ ಬರ್ತದಲ್ಲ ಝುಬೈದಕ್ಕ. ಬೇಡ ಅಂತ ಸೈನ್ ಹಾಕ್ತೇನೆ, ಆಯ್ತಲ್ಲ?"

"ಬುಕ್ಕು ಬರುವುದಿಲ್ಲ. ನೀನೇ ಬರಬೇಕು. ಏಳು ಮಾರಾಯ್ತಿ."

"ಅರ್ಜೆಂಟ್ ಬ್ಲೌಸ್ ಉಂಟು."

ನಾನು ಬ್ಲೌಸನ್ನು ಸೂಜಿಯ ಕೆಳಗಿನಿಂದ ಎಳೆದೆ. ದಾರ ತುಂಡಾಯಿತು. ಅವಳು ಬೈಯಲು ಬಾಯಿ ತೆರೆದವಳು ನನ್ನ ಮುಖ ನೋಡಿ ಶಟರ್ ಎಳೆದು ಬಂದಳು. ಅಂಗನವಾಡಿಯ ಮೆಟ್ಟಿಲ ಹತ್ತಿರ ಬಂದಾಗ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಒಳಗೆ ಹೋಗಿ ಎಂತ ಹೇಳುವುದು ಝುಬೈದಕ್ಕ? ನನಗೆ ಸಭೆಯಲ್ಲಿ ಮಾತಾಡಿ ಗೊತ್ತಿಲ್ಲ."

"ನನಗೂ ಗೊತ್ತಿಲ್ಲ, ನಡಿ" ಎಂದೆ.