ಎಡಗೈಗೆ ಸವೆದ ಕಲ್ಲು

ಮರಕೇಶದ ಕೋಟೆ ಬಾಗಿಲಿನ ಹೊರಗೆ, ಕೂಲಿಯವರು ಸಾಲುಗಟ್ಟುವ ಮೊಕೆಫ್‌ನಲ್ಲಿ, ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ. ಮುಂದಿಟ್ಟುಕೊಂಡ ಸಾಮಾನೇ ಹೆಸರು. ಬ್ರಷ್ ಇಟ್ಟವನು ಬಣ್ಣದವನು, ಕರಣೆ ಇಟ್ಟವನು ಗಾರೆಯವನು. ಕೆಲಸ ಕೊಡುವವನು ಒಪ್ಪಿದರೆ ಬಗ್ಗಿ ಸಾಮಾನನ್ನು ಎತ್ತುತ್ತಾನೆ, ಕಸುಬಿನ ಹೆಸರನ್ನು ಎಲ್ಲರಿಗೂ ಕೇಳುವಂತೆ ಕೂಗುತ್ತಾನೆ. ಕೂಗಿದ ಮೇಲೆ ಮಾತು ಹಿಂದಕ್ಕಿಲ್ಲ. ರಸ್ತೆಯ ಆಚೆ ಬದಿ ಹೆಂಗಸರ ಸಾಲು. ಅಲ್ಲಿ ಬಕೆಟ್ಟು, ಪೊರಕೆ. ಆ ಬಕೆಟ್ಟನ್ನು ಯಾರೂ ಎತ್ತುವುದಿಲ್ಲ. "ಏ, ನೀನು, ಬಾ" ಅಂದರೆ ಮುಗಿಯಿತು. ನೆಲ ಒರೆಸುವುದಕ್ಕೆ ಹೆಸರೇಕೆ ಎಂಬುದು ಊರಿನ ದೊಡ್ಡವರ ದೊಡ್ಡ ಮನಸ್ಸು.

ಮಹ್ಜೂಬಾ ನಾಲ್ಕು ದಿನದಿಂದ ಗಂಡಸರ ಸಾಲಿನಲ್ಲಿ ಕೂತಿದ್ದಳು. ಅವಳ ಮುಂದೆ ಹಾಸಿದ ಬಟ್ಟೆಯ ಮೇಲೆ ಮುಷ್ಟಿಗಾತ್ರದ ಒಂದು ಕರಿಕಲ್ಲು. ಹಮಾಮು ಎಂಬ ಬಿಸಿನೀರಿನ ಸ್ನಾನದ ಮನೆಯ ಗೋಡೆಗೆ ಬಳಿದ ಸುಣ್ಣದ ಗಾರೆಯನ್ನು, ಅದು ಬಿಗಿಯುವ ಹೊತ್ತು ನೋಡಿಕೊಂಡು, ಹನಿ ನೀರೂ ಇಳಿಯದಂತೆ ತಿಕ್ಕುವ ಕಲ್ಲು ಅದು. ಅವಳ ಗಂಡ ಅಲ್ಲಾಲ್ ಆ ಕಸುಬಿನಲ್ಲಿ ಹೆಸರಾಗಿದ್ದವನು, ಸತ್ತು ಎಂಟು ತಿಂಗಳಾಗಿತ್ತು. ಗಂಡನ ತಮ್ಮ ಅವಳಿಗೆ ಒಬ್ಬ ಔಷಧಿ ಅಂಗಡಿಯವನ ಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ ಗೊತ್ತು ಮಾಡಿದ್ದ. "ಗುರುವಾರ ಮಧ್ಯಾಹ್ನದ ಬಾಂಗಿನೊಳಗೆ ಯಾರೂ ನನ್ನ ಕಲ್ಲು ಎತ್ತದಿದ್ರೆ ಹೋಗ್ತೀನಿ," ಎಂದು ಅವಳು ಮಾತು ಕೊಟ್ಟಿದ್ದಳು. ಇವತ್ತು ಗುರುವಾರ.

"ಲಾಲ್ಲಾ ಮಹ್ಜೂಬಾ, ಆ ಕಲ್ಲು ಕೊಡಿ, ಕಡಲೆಬೀಜ ಜಜ್ಜೋಕೆ ಚೆನ್ನಾಗಿದೆ," ಎಂದ ಪಕ್ಕದ ಬಣ್ಣದ ಮುದುಕ ಜೀಲಾಲಿ. ಹಿರಿಯನೆಂದು ಸಾಲಿನವರೆಲ್ಲ ಅವನನ್ನು ಬಾ ಜೀಲಾಲಿ, ಅಂದರೆ ಅಪ್ಪ ಜೀಲಾಲಿ, ಎನ್ನುತ್ತಿದ್ದರು.

"ನಿಮಗೆ ಹಲ್ಲಿದ್ದಿದ್ರೆ ಕೊಡ್ತಿದ್ದೆ, ಬಾ ಜೀಲಾಲಿ."

ಸಾಲು ನಕ್ಕಿತು. ಮುದುಕನೂ ನಕ್ಕ. ನಾಲ್ಕು ದಿನದಲ್ಲಿ ಅವಳನ್ನು ಎಬ್ಬಿಸಲು ನೋಡಿ ಸೋತವರು ಅವರೆಲ್ಲ.

ಹತ್ತು ಗಂಟೆಯ ಹೊತ್ತಿಗೆ ಗುತ್ತಿಗೆದಾರ ಹಾಜ್ ಬೂಶ್ತಾ ಬಂದ. ಹಿಂದೆ ಕತ್ತೆಗಾಡಿ, ಗಾಡಿಯಲ್ಲಿ ಅರಳಿಸಿದ ಸುಣ್ಣದ ಡಬ್ಬಗಳು. ಅತಿಥಿಗೃಹವೊಂದರ ಹಮಾಮು ಅರ್ಧಕ್ಕೆ ನಿಂತಿತ್ತು. ಕಲ್ಲು ತಿಕ್ಕುವವನು ಕಾಯಿಲೆ ಬಿದ್ದಿದ್ದ. ಹಾಜ್ ಕಲ್ಲನ್ನು ಕಂಡು ನಿಂತ.

"ಇದು ಅಲ್ಲಾಲನದಲ್ವಾ? ಪಾಪ. ಎಷ್ಟಕ್ಕೆ ಕೊಡ್ತೀಯಮ್ಮ?"

"ಕಲ್ಲು ಮಾರೋಕಿಲ್ಲ. ಕಲ್ಲಿನ ಜೊತೆ ನನ್ನ ಕೈ ಬರುತ್ತೆ."

"ನಿನ್ನ ಕೈಯಾ?" ಹಾಜ್ ಸಾಲಿನ ಕಡೆ ತಿರುಗಿ ಕಣ್ಣು ಹೊಡೆದ. "ಅಲ್ಲಾಲ್ ಮಾಡಿದ ಗೋಡೆ ನಮ್ಮನೆ ಹಮಾಮಲ್ಲಿದೆ. ಒಂಬತ್ತು ವರ್ಷ ಆಯ್ತು, ಒಂದು ಬಿರುಕಿಲ್ಲ. ಆ ಕೈ ಎಲ್ಲಿ, ಈ ಕೈ ಎಲ್ಲಿ!"

ಮಹ್ಜೂಬಾಗೆ ರೇಗಿತು. ಹನ್ನೆರಡು ವರ್ಷದ ಹಿಂದೆ ಅಲ್ಲಾಲ್ ಸಾರುವೆಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದ. ಅಂದಿನಿಂದ ಗೋಡೆ ಬಳಿದವನು ಅವನು, ತಿಕ್ಕಿದವಳು ಅವಳು, ಬಾಗಿಲು ಮುಚ್ಚಿಕೊಂಡು. ಅಲ್ಲಾಲ್ ಗುಟ್ಟಿನ ಮನುಷ್ಯ, ಕಸುಬು ಯಾರಿಗೂ ತೋರಿಸುವುದಿಲ್ಲ ಎಂದು ಊರು ಮೆಚ್ಚಿಕೊಂಡಿತ್ತು. ಊಟದ ಬುಟ್ಟಿ ಹಿಡಿದು ಒಳಗೆ ಹೋದ ಹೆಂಡತಿ ಸಂಜೆಯವರೆಗೂ ಹೊರಗೆ ಬಾರದ್ದನ್ನು ಯಾರೂ ಎಣಿಸಲಿಲ್ಲ.

"ಹಾಜ್, ಆ ಕಲ್ಲನ್ನ ನೋಡಿ. ಹೆಬ್ಬೆಟ್ಟಿನ ಕುಳಿ ಯಾವ ಕಡೆ ಸವೆದಿದೆ? ನಾನು ಎಡಚಿ. ಅದಕ್ಕೆ ನಮ್ಮಮ್ಮ ಸಾಕಷ್ಟು ಬಾರಿಸಿದ್ಲು. ನನ್ನ ಗಂಡ ಯಾವ ಕೈಯಲ್ಲಿ ಕರಣೆ ಹಿಡೀತಿದ್ದ? ಮನೆಗೆ ಹೋಗಿ ಗೋಡೆ ಒದ್ದೆ ಮಾಡಿ, ದೀಪ ಓರೆ ಹಿಡಿದು ನೋಡಿ. ಬಲಗೈಯವನು ತಿಕ್ಕಿದ ಗೆರೆ ಬಲಕ್ಕೆ ಏರುತ್ತೆ."

ಅವಳು ಎದ್ದು ಗಾಡಿಯ ಬಳಿ ಹೋಗಿ ಡಬ್ಬಕ್ಕೆ ಬೆರಳು ಅದ್ದಿ ಉಜ್ಜಿದಳು. ಹರಳು ಹರಳು.

"ಇದನ್ನ ನೀರಿಗೆ ಹಾಕಿ ಎರಡು ದಿನಾನೂ ಆಗಿಲ್ಲ. ಇದನ್ನ ಬಳಿದ್ರೆ ಗೋಡೆ ತುಂಬಾ ಗುಳ್ಳೆ ಏಳುತ್ತೆ. ಹತ್ತು ದಿನ ಮಾಗಬೇಕು."

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ!" ಎಂದ ಹಾಜ್. ಆಮೇಲೆ ಹತ್ತಿರ ಬಂದು, ದನಿ ತಗ್ಗಿಸಿ, ಬೆಣ್ಣೆಯ ಹಾಗೆ ಹೇಳಿದ: "ನೋಡು, ನಂಗೂ ತುರ್ತು, ನಿಂಗೂ ತುರ್ತು. ಹಿಂದಿನ ಬಾಗಿಲಿಂದ ಬಾ, ಚಿಲಕ ಹಾಕ್ಕೊಂಡು ತಿಕ್ಕು. ಅಲ್ಲಾಲನ ಅಣ್ಣನ ಮಗ ಮಾಡ್ದ ಅಂತೀನಿ. ಕೂಲಿ ಪೂರ್ತಿ ಕೊಡ್ತೀನಿ."

"ಅಲ್ಲಾಲನಿಗೆ ಅಣ್ಣಾನೇ ಇಲ್ಲ, ಹಾಜ್. ಹನ್ನೆರಡು ವರ್ಷ ಚಿಲಕದ ಒಳಗಿದ್ದೆ, ಸಾಕು. ನೀವು ನನ್ನ ಕೈ ನೋಡಿದ್ರಿ, ನಾನು ನಿಮ್ಮ ಸುಣ್ಣ ನೋಡ್ದೆ. ನಂಗೂ ಒಪ್ಪಿಗೆ ಆಗ್ಲಿಲ್ಲ."

ಗಾಡಿ ಹೋಯಿತು. ರಸ್ತೆಯಾಚೆಯಿಂದ ಫಟ್ಟೂಮಾ ಓಡಿ ಬಂದಳು. ಒಂದೇ ಗಲ್ಲಿಯ ಗೆಳತಿ, ಬಕೆಟ್ಟಿನ ಸಾಲಿನವಳು.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅದು ನೀನೇ ಕಣೆ! ಕೈಗೆ ಬಂದಿದ್ದನ್ನ ಒದ್ದೆಯಲ್ಲೇ!"

"ಒದ್ದೆ. ಈಗ ಹೋಗು, ನಿನ್ನ ಜಾಗ ಹೋಗುತ್ತೆ."

ಬಾಯಲ್ಲಿ ಹಾಗೆಂದರೂ ಮಹ್ಜೂಬಾಗೆ ಹೆದರಿಕೆಯಾಗಿತ್ತು. ಬಿಸಿಲು ಗೋಡೆಯ ಬುಡಕ್ಕೆ ಬಂತು. ಸಾಲು ಕರಗುತ್ತಾ ಬಂತು. ಔಷಧಿ ಅಂಗಡಿಯವನ ಹೆಂಡತಿ "ಏ, ನೀನು" ಎಂದು ಕರೆಯುವುದು ಈಗಲೇ ಕಿವಿಯಲ್ಲಿ ಕೇಳಿಸುತ್ತಿತ್ತು. ಹಿಂದಿನ ಬಾಗಿಲಾದರೇನು, ಗೋಡೆಯಾದರೂ ಸಿಗುತ್ತಿತ್ತಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಬಾಂಗಿಗೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ ಹಾಜ್ ಬೂಶ್ತಾ ಮತ್ತೆ ಬಂದ, ಒಬ್ಬನೇ, ನಡೆದುಕೊಂಡು. ಅಂಗಿಯ ತೋಳು ಮೊಣಕೈವರೆಗೂ ಒದ್ದೆಯಾಗಿತ್ತು.

"ಎಡಕ್ಕೆ ಏರಿದೆ," ಎಂದ ಮೆಲ್ಲಗೆ. "ನಾಲ್ಕೂ ಗೋಡೆ. ನಡಿ."

ಅವಳು ಕೂತಲ್ಲಿಂದ ಅಲ್ಲಾಡಲಿಲ್ಲ.

"ಬಾ ಅಂದ್ನಲ್ಲ!"

"ಈ ಸಾಲಿನ ಪದ್ಧತಿ ನಿಮಗೆ ಗೊತ್ತಲ್ಲ, ಹಾಜ್."

ಉಳಿದಿದ್ದ ಹತ್ತು ಹನ್ನೆರಡು ಜನ ತಿರುಗಿ ನೋಡಿದರು. ಆಚೆ ಬದಿಯ ಹೆಂಗಸರೂ ಎದ್ದು ನಿಂತರು. ಹಾಜ್ ಸುತ್ತ ನೋಡಿ, ಬಗ್ಗಿ, ಬಿಸಿ ಹೆಂಚು ಮುಟ್ಟುವವನ ಹಾಗೆ ಕಲ್ಲನ್ನು ಎತ್ತಿದ.

"ಗಾರೆ ಕೆಲಸದೋಳು," ಎಂದು ಗಂಟಲಲ್ಲೇ ಗೊಣಗಿದ.

"ಅಲ್ಲಾಲನಿಗೆ ಏನಂತ ಕೂಗ್ತಿದ್ರಿ?"

ಅವನ ಮುಖ ಕೆಂಪಾಯಿತು. ಕಲ್ಲನ್ನು ಕೆಳಗಿಟ್ಟು ಹೋಗಿಬಿಡುತ್ತಾನೆ ಎಂದು ಎಲ್ಲರೂ ಅಂದುಕೊಂಡರು. ಆದರೆ ಒಂಬತ್ತು ವರ್ಷ ಬಿರುಕು ಬಿಡದ ಗೋಡೆಯನ್ನು ಆಗಷ್ಟೇ ಮುಟ್ಟಿ ಬಂದಿದ್ದ ಮನುಷ್ಯ.

"ಗಾರೆ ಮೇಸ್ತ್ರಿ!" ಎಂದು ಕೂಗಿದ.

"ಅಲ್ಲಾಹು ಒಳ್ಳೇದು ಮಾಡ್ಲಿ!" ಎಂದು ಬಾ ಜೀಲಾಲಿ ಬ್ರಷ್ಷಿನಿಂದ ಡಬ್ಬ ಬಡಿದ. ಅದರ ಮೇಲೆಯೇ ಬಾಂಗು ಮೊಳಗಿತು.

ಮಹ್ಜೂಬಾ ಎದ್ದು, ಹಾಜ್‌ನ ಕೈಯಿಂದ ಕಲ್ಲನ್ನು ತೆಗೆದುಕೊಂಡು ಬಟ್ಟೆಯಲ್ಲಿ ಸುತ್ತಿದಳು.

"ಹತ್ತು ದಿನ ಆದ್ಮೇಲೆ ಬರ್ತೀನಿ. ಮುಂದಿನ ಬಾಗಿಲಿಂದ. ಅಷ್ಟರಲ್ಲಿ ಸುಣ್ಣಾನ ದಿನಾ ಒಂದ್ಸಲ ಕಲಕಿಸ್ತಿರಿ."

"ಹತ್ತು ದಿನಾನಾ! ಅತಿಥಿಗಳು ಬರ್ತಾರೆ ಕಣಮ್ಮ!"

"ಬಂದೋರಿಗೆ ಚಹಾ ಕೊಡಿ."

ಹಾಜ್ ಏನೋ ಬೈದುಕೊಂಡ, ಆದರೆ ತಲೆ ಆಡಿಸಿದ. ಅವಳು ರಸ್ತೆ ದಾಟಿದಳು. ಫಟ್ಟೂಮಾ ಅಳುತ್ತಾ ನಗುತ್ತಾ ಅವಳ ಎಡಗೈಯನ್ನು ಹಿಡಿದುಕೊಂಡಳು.

"ಔಷಧಿ ಅಂಗಡಿಯವರ ಮನೇಲಿ ಪಾತ್ರೆ ಕೆಲಸ ಖಾಲಿ ಇದೆ, ನಿಂಗೆ ಬೇಕಾದ್ರೆ ನನ್ನ ಮೈದುನನಿಗೆ ಹೇಳ್ತೀನಿ," ಎಂದಳು ಮಹ್ಜೂಬಾ.

ಅಷ್ಟರಲ್ಲಿ ಕಾರೊಂದು ಬಂದು ನಿಂತಿತು. ಕಿಟಕಿಯಿಂದ ಬೆರಳೊಂದು ಚಾಚಿತು. "ಏ, ನೀನು, ಬಾ. ಮೆಟ್ಟಿಲು ತೊಳೀಬೇಕು."

ಫಟ್ಟೂಮಾ ಕಣ್ಣು ಒರೆಸಿಕೊಂಡಳು. ತನ್ನ ಬಕೆಟ್ಟನ್ನು ಕಾಲಿನಿಂದ ಕಾರಿನ ಬಾಗಿಲವರೆಗೂ ತಳ್ಳಿ, ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಎತ್ತಿ, ಸ್ವಾಮಿ," ಎಂದಳು. "ಎತ್ತಿ ಕೂಗಿ."